ಒಲೆ ಒಡೆಯುವ ಮುನ್ನ: ಪೈಪು ಇರುವ ಕಟ್ಟಿಗೆ ಒಲೆಯ ತೊಂದರೆ ಪತ್ತೆ ಹಚ್ಚುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಒಲೆ ಬಿಡದ ಮನೆಗಳು ಬಹಳ. ಒಲೆ ಹೊಗೆ ಉಗುಳತೊಡಗಿದರೆ ಮೊದಲು ಬರುವ ಮಾತು "ಇದನ್ನ ಕಿತ್ತು ಬೇರೆ ಹಾಕಿಸೋಣ" ಎಂದು. ಅವಸರ ಬೇಡ. ತೊಂದರೆ ಒಲೆಯ ಮೈಯಲ್ಲೇ ಇರುವುದು ಕಡಿಮೆ. ಹಸಿ ಕಟ್ಟಿಗೆ, ತುಂಬಿದ ಬೂದಿ, ಮಸಿ ಕಟ್ಟಿದ ಪೈಪು, ಹೆಚ್ಚಿನ ದೂರುಗಳು ಈ ಮೂರರಲ್ಲೇ ಮುಗಿಯುತ್ತವೆ. ಮೂರನ್ನೂ ನೋಡಲು ಕಾಸು ಖರ್ಚಿಲ್ಲ. ಆದ್ದರಿಂದ ಯಾವ ಲಕ್ಷಣ ಕಂಡರೂ ಮೊದಲು ಕಟ್ಟಿಗೆ, ಆಮೇಲೆ ಬೂದಿ, ಆಮೇಲೆ ಪೈಪು, ಕೊನೆಗೆ ಒಲೆ, ಈ ಸರದಿಯಲ್ಲೇ ನೋಡಿ.

ಇಲ್ಲಿ ಹೇಳುವುದು ಪೈಪು ಇರುವ ಮಣ್ಣಿನ ಅಥವಾ ಇಟ್ಟಿಗೆಯ ಅಡುಗೆ ಒಲೆ, ಗೋಡೆಗೆ ಕಟ್ಟಿದ ಹಂಡೆ ಒಲೆ, ಮತ್ತು ನೀರು ಕಾಯಿಸುವ ತಾಮ್ರದ ಬಾಯ್ಲರ್‌ಗೆ ಹೊಂದುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡು 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆಯೂ ಇದರಲ್ಲಿ ಸೇರಿತು.

ಮೊದಲು ಇದನ್ನು ಓದಿ: ಒಲೆ ಉರಿಯುವಾಗ ತಲೆನೋವು, ವಾಂತಿ, ತಲೆ ಸುತ್ತು

ಒಲೆ ಹೊತ್ತಿದ ಹೊತ್ತಿನಲ್ಲಿ ಮನೆಯ ಒಬ್ಬಿಬ್ಬರಿಗೆ ಒಟ್ಟಿಗೆ ತಲೆನೋವು ಬಂದು, ಅಂಗಳಕ್ಕೆ ಹೋದರೆ ಕಡಿಮೆಯಾದರೆ ಅದು ಪಿತ್ತವಲ್ಲ, ಬಿಸಿಲೂ ಅಲ್ಲ. ಕಾರ್ಬನ್ ಮೊನಾಕ್ಸೈಡ್ ಅನಿಲ ಎಂದೇ ತಿಳಿಯಿರಿ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದ ಕೆಂಡದಿಂದಲೇ ಹೆಚ್ಚು ಬರುತ್ತದೆ, ಅದಕ್ಕೇ ಮೋಸ ಹೋಗುವುದು.

ಬಾಗಿಲು ಕಿಟಕಿ ತೆರೆಯಿರಿ, ಎಲ್ಲರನ್ನೂ ಹೊರಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. ಯಾರಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ ಒಳಗೆ ಕೂತು ನೀರು ಚಿಮುಕಿಸಬೇಡಿ. ಉಸಿರು ಬಿಗಿಹಿಡಿದು ಹೊರಗೆ ಎಳೆದುಕೊಳ್ಳಿ. ಕಾರಣ ಸಿಕ್ಕಿ ಸರಿಯಾಗುವವರೆಗೆ ಆ ಒಲೆ ಹಚ್ಚಬಾರದು.

ನಮ್ಮ ಕಡೆ ಈ ಅಪಾಯ ಇರುವ ಜಾಗ ಮುಖ್ಯವಾಗಿ ಎರಡು. ಒಂದು, ಬಾಣಂತಿ ಕೋಣೆ. ಗಾಳಿ ತಾಗಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರೆ. ಹಿರಿಯರು ಏನೇ ಹೇಳಲಿ, ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬಾರದು. ತಾಯಿ ಮಗುವಿಗೆ ಕಾವು ಬೇಕಿದ್ದರೆ ಬಿಸಿನೀರಿನ ಚೀಲ, ಕಂಬಳಿ ಸಾಕು. ಮಗುವಿಗೆ ಧೂಪ ಹಾಕುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಎರಡು, ಬಚ್ಚಲುಮನೆ. ಒಳಗೇ ಬಾಯ್ಲರ್ ಹಚ್ಚಿ, ಬಾಗಿಲು ಹಾಕಿಕೊಂಡು ಮೀಯುವುದು. ಬಾಯ್ಲರ್ ಅನ್ನು ಹಿತ್ತಿಲಲ್ಲಿ ಹಚ್ಚಿ ನೀರನ್ನಷ್ಟೇ ಒಳಗೆ ತನ್ನಿ.

ಹಚ್ಚಿದ ಕೂಡಲೇ ಹೊಗೆ ಮುಖಕ್ಕೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ

ಇದು ದೋಷವೇ ಅಲ್ಲ. ಪೈಪಿನೊಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಿದ್ದರೆ ಮಾತ್ರ ಮೇಲೆ ಏರುತ್ತದೆ. ಮಣ್ಣಿನ ದಪ್ಪ ಗೋಡೆಯ ಮನೆಯಲ್ಲಿ, ಮೇ ತಿಂಗಳ 40 ಡಿಗ್ರಿ ದಾಟಿದ ಮಧ್ಯಾಹ್ನ ಇದು ತಲೆಕೆಳಗಾಗುತ್ತದೆ: ಒಳಗೆ ತಂಪು, ಹೊರಗೆ ಬೆಂಕಿ. ಪೈಪಿನ ತಣ್ಣನೆ ಗಾಳಿ ಭಾರವಾಗಿ ಕೆಳಗಿಳಿದು ಒಲೆಯ ಬಾಯಿಯಿಂದ ಹೊರಬರುತ್ತದೆ. ಬೆಳಿಗ್ಗೆ ಹೊಗೆಯಾಡದ ಒಲೆ ಮಧ್ಯಾಹ್ನ ಹೊಗೆಯಾಡುವುದು ಇದರಿಂದಲೇ.

ಊದಿನಕಡ್ಡಿ ಹಚ್ಚಿ ಆರಿದ ಒಲೆಯ ಬಾಯಿಗೆ ಹಿಡಿಯಿರಿ. ಅದರ ಹೊಗೆ ಒಳಕ್ಕೆ ಸೆಳೆದರೆ ಎಳೆತ ಇದೆ. ಹೊರಕ್ಕೆ ಬಾಗಿದರೆ ಎರಡು ಹಾಳೆ ಪತ್ರಿಕೆ ಸುತ್ತಿ ಹಚ್ಚಿ, ಪೈಪು ಶುರುವಾಗುವ ಕೊನೆಯ ತೂತಿನಲ್ಲಿ ಅರ್ಧ ನಿಮಿಷ ಉರಿಸಿ. ಪೈಪು ಬೆಚ್ಚಗಾದ ಮೇಲೆ ಪುಳ್ಳೆ ಹಚ್ಚಿ. ಸೀಮೆಎಣ್ಣೆ ಸುರಿಯುವುದು, ಪ್ಲಾಸ್ಟಿಕ್ ಕವರ್ ಹಚ್ಚುವುದು ಬೇಡ.

ಕಾಗದ ಉರಿಸಿದರೂ ಹೊಗೆ ತಿರುಗಿ ಬಂದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನೋಡಿ. ಹೊಗೆ ಹೋಗಲೆಂದು ಹಾಕಿದ ಫ್ಯಾನೇ ಪೈಪಿನ ಹೊಗೆಯನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಒಲೆ ಉರಿಯುವಾಗ ಫ್ಯಾನ್ ಆರಿಸಿ, ಒಲೆಯ ಕಡೆಯ ಒಂದು ಕಿಟಕಿ ತೆರೆದಿಡಿ.

ದಿನವಿಡೀ ಹೊಗೆ, ಊದುಗೊಳವೆ ಕೆಳಗಿಡುವ ಹಾಗಿಲ್ಲ

ಮೊದಲು ಕಟ್ಟಿಗೆಯ ತುದಿ ನೋಡಿ. ಉರಿಯುವಾಗ ಸುಂಯ್ ಎಂದು ಸದ್ದು ಮಾಡಿ ಹಿಂದಿನ ತುದಿಯಲ್ಲಿ ನೊರೆ ಬಂದರೆ ಕಟ್ಟಿಗೆ ಹಸಿ. ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಬೆಂಕಿಯ ಕಾವೆಲ್ಲ ಆ ನೀರನ್ನು ಆವಿ ಮಾಡಲು ಹೋಗುತ್ತದೆ, ಅನ್ನ ಬೇಯಿಸಲು ಉಳಿಯುವುದಿಲ್ಲ. ನೀರಿನ ಅಂಶ ಶೇ 20ಕ್ಕಿಂತ ಕೆಳಗಿಳಿದ ಮೇಲೆಯೇ ಅದು ಉರುವಲು.

ಒಣಗಿದೆಯೇ ಎಂದು ತಿಳಿಯಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಟಣ್ ಎಂದರೆ ಒಣ, ದಬ್ ಎಂದರೆ ಹಸಿ. ತುದಿಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿಟ್ಟು, ತೊಗಟೆ ಬೆರಳಿಗೆ ಏಳಬೇಕು. ಇನ್ನೂ ಅನುಮಾನವಿದ್ದರೆ ಒಂದು ತುಂಡಿಗೆ ಗುರುತು ಹಾಕಿ ಅಂಗಡಿಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಅದು ಸಿದ್ಧ. ಬಳ್ಳಾರಿ ಜಾಲಿಯ ದಪ್ಪ ಕೊರಡನ್ನು ಇಡಿಯಾಗಿ ಒಟ್ಟಿದರೆ ವರ್ಷವಾದರೂ ನಡುವೆ ಹಸಿ ಉಳಿಯುತ್ತದೆ. ಮುಂಗೈ ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದಂತೆ ಎರಡು ಕಲ್ಲಿನ ಮೇಲೆ ಅಡ್ಡಡ್ಡ ಒಟ್ಟಿದರೆ ನಮ್ಮ ಬೇಸಿಗೆಯ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಮಳೆಗೆ ಮೇಲ್ಭಾಗ ಮಾತ್ರ ತಾಡಪತ್ರಿ ಮುಚ್ಚಿ, ಪಕ್ಕ ಬಿಡಿ.

ಕಟ್ಟಿಗೆ ಒಣ ಇದ್ದರೆ ಬೂದಿ ನೋಡಿ. ಜಾಲರಿಯ ಕೆಳಗೆ ಒಂದು ಬೊಗಸೆ ಬೂದಿ ಇರಲಿ, ಜಾಲರಿಗೆ ಮುಟ್ಟುವಷ್ಟು ಬೇಡ. ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ರೈಸ್ ಮಿಲ್ಲಿನ ಭತ್ತದ ಹೊಟ್ಟು ಉರಿಸುವವರು ಇದನ್ನು ಇನ್ನೂ ಹೆಚ್ಚು ಗಮನಿಸಬೇಕು. ಹೊಟ್ಟಿನ ಐದರಲ್ಲೊಂದು ಪಾಲಿನಷ್ಟು ಬೂದಿಯಾಗಿಯೇ ಉಳಿಯುತ್ತದೆ, ಅದೂ ಸಿಲಿಕಾ ತುಂಬಿದ್ದು. ಒಂದು ಹೊತ್ತಿನ ಅಡುಗೆಗೇ ಜಾಲರಿಯ ಕಿಂಡಿ ಮುಚ್ಚಬಹುದು.

ಆಮೇಲೆ ಒಲೆಯ ಬಾಯಿ. ಕಟ್ಟಿಗೆ ತುರುಕಿ ಬಾಯಿ ತುಂಬಿಸಿದರೆ ಗಾಳಿ ಒಳಬರಲು ದಾರಿಯಿಲ್ಲ. ಮೂರು ನಾಲ್ಕು ತುಂಡು ಸಾಕು, ಬಾಯಿಯ ಅರ್ಧ ಖಾಲಿ ಇರಲಿ. ಎರಡು ಮೂರು ತೂತಿನ ಒಲೆಯಲ್ಲಿ ಪಾತ್ರೆ ಇಡದ ತೂತಿಗೆ ಮುಚ್ಚಳ ಹಾಕಲೇಬೇಕು. ಒಂದು ತೂತು ತೆರೆದಿದ್ದರೆ ಪೈಪು ಒಲೆಯ ಹೊಗೆ ಬಿಟ್ಟು ಅಡುಗೆಮನೆಯ ತಣ್ಣನೆ ಗಾಳಿಯನ್ನು ಎಳೆಯುತ್ತದೆ. ತೂತಿಗಿಂತ ಚಿಕ್ಕ ಪಾತ್ರೆ ಇಟ್ಟರೂ ಇದೇ ಕಥೆ.

ಇಷ್ಟೂ ಸರಿಯಿದ್ದರೆ ಪೈಪು ಹತ್ತಬೇಕು. ಒಲೆ ಆರಿ ಒಂದು ರಾತ್ರಿ ಕಳೆದ ಮೇಲೆ ಮಾಳಿಗೆ ಮೇಲಿಂದ ಟಾರ್ಚ್ ಬಿಟ್ಟು ನೋಡಿ. ಗುಬ್ಬಿ, ಅಳಿಲು ಗೂಡು ಕಟ್ಟಿರಬಹುದು. ಮೇಲಿನ ಟೋಪಿಗೂ ಪೈಪಿನ ಬಾಯಿಗೂ ನಡುವೆ 4 ಇಂಚು ಸಂದು ಬೇಕು. ಹಕ್ಕಿ ತಡೆಯಲು ಬಲೆ ಕಟ್ಟಿದ್ದರೆ ಅದರ ಕಣ್ಣು ಅರ್ಧ ಇಂಚಿಗಿಂತ ಸಣ್ಣದಿರಬಾರದು. ಸೊಳ್ಳೆ ಬಲೆ ಕಟ್ಟಿದರೆ ಕೆಲವೇ ವಾರಗಳಲ್ಲಿ ಮಸಿಯಿಂದ ಮುಚ್ಚಿಹೋಗುತ್ತದೆ.

ಗಾಳಿ ಬೀಸಿದಾಗ ಮಾತ್ರ ಹೊಗೆ ಹಿಂದಕ್ಕೆ ಬರುತ್ತದೆ

ಆಷಾಢದ ಗಾಳಿ ಶುರುವಾದ ಮೇಲೆ ಕೇಳಿಬರುವ ದೂರು ಇದು. ಪೈಪಿನ ತುದಿ ಮಾಳಿಗೆಯ ಕೈಗೋಡೆಗಿಂತ ಕೆಳಗಿದ್ದರೆ, ಅಥವಾ ಪಕ್ಕದಲ್ಲೇ ನೀರಿನ ಟ್ಯಾಂಕ್, ಎತ್ತರದ ಮನೆ ಇದ್ದರೆ ಗಾಳಿ ಅದಕ್ಕೆ ಬಡಿದು ಕೆಳಗೆ ಸುಳಿಯುತ್ತದೆ. ಪೈಪು ಮಾಳಿಗೆಯಿಂದ ಕನಿಷ್ಠ 3 ಅಡಿ ಮೇಲಿರಲಿ. 10 ಅಡಿಯೊಳಗೆ ಏನೇ ಎತ್ತರದ್ದಿದ್ದರೂ ಅದಕ್ಕಿಂತ 2 ಅಡಿ ಮೇಲೆ ಹೋಗಲಿ. ಒಲೆಯಿಂದ ತುದಿಯವರೆಗೆ ಒಟ್ಟು 10ರಿಂದ 12 ಅಡಿ ಇದ್ದರೆ ಎಳೆತ ಚೆನ್ನಾಗಿರುತ್ತದೆ. ತಿರುವು ಎರಡಕ್ಕಿಂತ ಹೆಚ್ಚು ಬೇಡ. ಅವೂ ನೇರ ಮೂಲೆಯಂತಿರದೆ ಓರೆಯಾಗಿರಲಿ. ಉದ್ದ ಮಾಡಿದ ಪೈಪನ್ನು ಮೂರು ಕಡೆ ತಂತಿ ಎಳೆದು ಬಿಗಿಯದಿದ್ದರೆ ಅದೇ ಗಾಳಿ ಅದನ್ನು ಕೆಡವುತ್ತದೆ.

ರೊಟ್ಟಿ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ

ಹೊಸ ಪೈಪು ಹಾಕಿಸಿದ ಮನೆಯಲ್ಲಿ ಇದು ಸಾಮಾನ್ಯ. ಎಳೆತ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ ಬರುವ ತೊಂದರೆ. ಉರಿ ಹಂಚಿನ ಕೆಳಗೆ ನಿಲ್ಲದೆ ಹಿಂದಕ್ಕೆ ಓಡುತ್ತದೆ. ಪೈಪಿಗೆ ತಡೆಹಲಗೆ (ಹೊಗೆಯ ದಾರಿ ಹಿಗ್ಗಿಸಿ ಕುಗ್ಗಿಸುವ ತಗಡು) ಇದ್ದರೆ ಕಾಲು ಭಾಗ ಮುಚ್ಚಿ. ಇಲ್ಲದಿದ್ದರೆ ಉರಿ ಹಿಂದೆ ಹೋಗುವ ಕಿಂಡಿಯಲ್ಲಿ ಒಂದು ಇಟ್ಟಿಗೆ ತುಂಡು ಇಟ್ಟು ದಾರಿ ಕಿರಿದು ಮಾಡಿ. ಪೂರ್ತಿ ಮುಚ್ಚಬಾರದು, ಕೆಂಡ ಇರುವಾಗಂತೂ ಮುಚ್ಚಲೇಬಾರದು.

ಉರುವಲೂ ಮುಖ್ಯ. ರೊಟ್ಟಿಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯ ಅಗಲ ಉರಿ ಹೊಂದುತ್ತದೆ. ಜಾಲಿ ಗಟ್ಟಿ ಕೆಂಡವಾಗಿ ನಿಲ್ಲುತ್ತದೆ, ಅದು ಬೇಳೆಗೆ, ಹಂಡೆ ನೀರಿಗೆ. ಮೆಣಸಿನ ಗಿಡದ ಕಟ್ಟಿಗೆಯಲ್ಲಿ ಒಣಕಾಯಿ ಉಳಿದಿದ್ದರೆ ಘಾಟಿಗೆ ಮನೆಯೇ ಕೆಮ್ಮುತ್ತದೆ, ಕೊಡವಿ ಉರಿಸಿ. ಕಣಗಿಲೆ ಗಿಡ ವಿಷ, ಅದರ ಹೊಗೆಯೂ ವಿಷ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಔಷಧಿ ಡಬ್ಬಿ ಒಲೆಗೆ ಹಾಕಬಾರದು. ಹತ್ತಿ ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಮುಂದಿನ ಹಂಗಾಮಿನವರೆಗೆ ಒಟ್ಟಿಡುವುದೂ ತಪ್ಪೇ. ಗುಲಾಬಿ ಕಾಯಿಕೊರಕ ಅದರಲ್ಲೇ ಉಳಿದು ಹೊಸ ಬೆಳೆಗೆ ಬರುತ್ತದೆ.

ಉರಿ ಜೋರಿದೆ, ನೀರು ಮಾತ್ರ ಬೇಗ ಕಾಯುವುದಿಲ್ಲ

ಹಂಡೆಯ ಹೊರಗೆ ಮಸಿ, ಒಳಗೆ ಸುಣ್ಣ, ಎರಡೂ ಕಾವು ತಡೆಯುತ್ತವೆ. ಮಸಿ ಕೆರೆದರೆ ಹೋಗುತ್ತದೆ. ಬೋರ್‌ವೆಲ್ ಗಡಸು ನೀರಿನ ಊರುಗಳಲ್ಲಿ ಒಳಗಿನ ಬಿಳಿ ಪದರೇ ದೊಡ್ಡ ತಲೆನೋವು. ನೀರು ಕಾಯುವಾಗ ತಳದಲ್ಲಿ ಟಕಟಕ ಸದ್ದು ಬಂದರೆ ಸುಣ್ಣ ಕಟ್ಟಿದೆ ಎಂದರ್ಥ. ತಾಮ್ರದ ಪಾತ್ರೆಗೆ ಲೀಟರಿಗೆ 25 ಗ್ರಾಂನಂತೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬೆರೆಸಿದ ಉಗುರುಬೆಚ್ಚಗಿನ ನೀರು ತುಂಬಿ, ಎರಡು ಮೂರು ತಾಸು ಬಿಟ್ಟು, ತಿಕ್ಕಿ, ಎರಡು ಸಲ ತೊಳೆಯಿರಿ. ಸತು ಲೇಪದ ಕಬ್ಬಿಣಕ್ಕೆ, ಅಲ್ಯುಮಿನಿಯಂಗೆ ಇದು ಬೇಡ, ಹುಳಿ ಲೋಹವನ್ನೇ ತಿನ್ನುತ್ತದೆ.

ಬಾಯ್ಲರ್‌ಗೆ ನೀರು ತುಂಬಿದ ಮೇಲೆಯೇ ಬೆಂಕಿ. ಖಾಲಿ ಬಾಯ್ಲರ್ ಹಚ್ಚಿದರೆ ಬೆಸುಗೆ ಕರಗಿ ಸೋರುತ್ತದೆ. ಆವಿ ಹೋಗುವ ದಾರಿಯನ್ನು ಬಟ್ಟೆ ತುರುಕಿ, ಬಿರಡೆ ಹಾಕಿ ಮುಚ್ಚಿದರೆ ಒತ್ತಡಕ್ಕೆ ಒಡೆಯಬಹುದು. ಬೆಸುಗೆ ಸೋರುತ್ತಿದ್ದರೆ ಎಂ-ಸೀಲ್ ಮೆತ್ತಿ ಕಾಲ ತಳ್ಳಬೇಡಿ, ಬೆಸುಗೆ ಹಾಕುವವರಿಗೆ ಕೊಡಿ.

ಪೈಪಿನ ಕೀಲಿನಿಂದ ಕಪ್ಪು ಜಿಡ್ಡು ಇಳಿಯುತ್ತಿದೆ

ಹಸಿ ಕಟ್ಟಿಗೆಯ ಹೊಗೆ ಪೈಪಿನಲ್ಲಿ ತಣ್ಣಗಾಗಿ ಡಾಂಬರಿನಂತೆ ಅಂಟಿದೆ. ಪುಡಿ ಮಸಿಗಿಂತ ಇದು ಅಪಾಯ, ಏಕೆಂದರೆ ಇದೇ ಹೊತ್ತಿಕೊಳ್ಳುವುದು. ರಾತ್ರಿಯಿಡೀ ಗಾಳಿ ಕಟ್ಟಿ ಕೊರಡು ಕೊತಕೊತ ಹೊಗೆಯಾಡಲು ಬಿಡುವ ಮನೆಗಳಲ್ಲಿ ಬೇಗ ಕಟ್ಟುತ್ತದೆ. ಚಿಕ್ಕ, ಚುರುಕಾದ ಉರಿ ಇಟ್ಟು ಕೆಲಸ ಮುಗಿದ ಮೇಲೆ ಆರಿಸಿ.

ದಿನಾ ಹಚ್ಚುವ ಒಲೆಯ ಪೈಪನ್ನು ಎರಡು ತಿಂಗಳಿಗೊಮ್ಮೆ ನೋಡಿ. ಒಳಗೆ 3 ಮಿಲಿಮೀಟರ್ ದಪ್ಪ ಕಟ್ಟಿದ್ದರೆ ತೆಗೆಯುವ ಹೊತ್ತು. ಗೋಣಿಚೀಲವನ್ನು ಪೈಪಿನ ಗಾತ್ರಕ್ಕೆ ಉಂಡೆ ಕಟ್ಟಿ, ಒಳಗೊಂದು ಕಲ್ಲಿಟ್ಟು, ಎರಡೂ ಕಡೆ ಹಗ್ಗ ಬಿಗಿದು ಒಬ್ಬರು ಮೇಲೆ ಒಬ್ಬರು ಕೆಳಗೆ ನಿಂತು ಎಳೆದಾಡಿ. ಒಲೆಯ ಬಾಯಿಗೆ ಒದ್ದೆ ಚೀಲ, ಮೂಗಿಗೆ ಬಟ್ಟೆ. ಗಾಜಿನಂತೆ ಹೊಳೆಯುವ ಗಟ್ಟಿ ಪದರಿದ್ದರೆ ಚೀಲಕ್ಕೆ ಬರುವುದಿಲ್ಲ. ಆ ಪೈಪಿನ ತುಂಡನ್ನೇ ಬದಲಿಸಿ.

ಹಳೆಯ ಪೈಪು ಅಸ್ಬೆಸ್ಟಾಸ್ ಸಿಮೆಂಟಿನದಾದರೆ ಬಡಿಯುವುದು, ಕೊಯ್ಯುವುದು, ಒಣಗಿದ್ದಾಗ ಕೆರೆಯುವುದು ಮಾಡಬಾರದು. ಅದರ ನಾರು ಪುಪ್ಪುಸದಲ್ಲಿ ಕೂತರೆ ಹೊರಬರುವುದಿಲ್ಲ. ಜೋರು ಕಾವಿಗೆ ಅದು ಸಿಡಿಯುವುದೂ ಉಂಟು. ತೆಗೆಸುವಾಗ ನೀರು ಹೊಡೆದು, ಒಡೆಯದಂತೆ ಇಳಿಸಲು ತಿಳಿದವರನ್ನು ಕರೆಯಿರಿ.

ಪೈಪಿನಲ್ಲಿ ಗುಡುಗಿದ ಸದ್ದು, ತುದಿಯಲ್ಲಿ ಕಿಡಿ

ಪೈಪಿನೊಳಗೆ ಬೆಂಕಿ ಹತ್ತಿದೆ. ಪೈಪು ಕೆಂಪಗಾಗಬಹುದು. ಮನೆಮಂದಿಯನ್ನು ಹೊರಗೆ ಕಳಿಸಿ, ಒಲೆಯ ಬೆಂಕಿಗೆ ಮರಳು ಅಥವಾ ಬೂದಿ ಸುರಿದು, ಬಾಯಿಗೆ ತಗಡು ಮುಚ್ಚಿ. ಗಾಳಿ ನಿಂತರೆ ಬೆಂಕಿ ಇಳಿಯುತ್ತದೆ. 112 ಅಥವಾ 101ಕ್ಕೆ ಫೋನ್ ಮಾಡಿ. ಪೈಪಿನೊಳಗೆ ನೀರು ಸುರಿಯಬೇಡಿ, ಒಮ್ಮೆಗೇ ಆವಿಯಾಗಿ ಪೈಪು ಸೀಳುತ್ತದೆ. ನೀರು ಬೇಕಾಗಿರುವುದು ಹಿತ್ತಿಲ ಬಣವೆಗೆ, ಪಕ್ಕದ ಗುಡಿಸಲಿನ ಸೂರಿಗೆ.

ಬೆಂಕಿ ಆರಿದ ಮೇಲೂ ಮಾಳಿಗೆಯನ್ನು ಕೆಲವು ತಾಸು ಕಾಯಬೇಕು. ಮಣ್ಣಿನ ಮಾಳಿಗೆಯೊಳಗೆ ತೊಲೆ, ಜಂತೆ ಒಳಗೊಳಗೇ ಹೊಗೆಯಾಡುತ್ತಿರಬಹುದು. ಒಂಟಿ ತಗಡಿನ ಪೈಪಿಗೂ ಕಟ್ಟಿಗೆಗೂ 18 ಇಂಚು ಅಂತರ ಬೇಕೆನ್ನುವುದು ಇದಕ್ಕೇ. ಪೂರ್ತಿ ಬಿಚ್ಚಿ ನೋಡಿಸದೆ ಆ ಪೈಪನ್ನು ಮತ್ತೆ ಬಳಸಬಾರದು.

ಒಲೆಯ ಮೈ ಬಿರಿದು ಹೊಗೆ ಸೋರುತ್ತದೆ

ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಊದಿನಕಡ್ಡಿ ಹಿಡಿದಾಗ ಹೊಗೆ ಒಳಕ್ಕೆ ಎಳೆದರೆ ಮುಚ್ಚಬೇಕು. ಮತ್ತೆ ಮತ್ತೆ ಮೆತ್ತಿದರೂ ಬಿರಿಯುತ್ತಿದ್ದರೆ ತಪ್ಪು ಮಣ್ಣಿನದು. ಹೊಲದಲ್ಲಿ ಸಿಗುತ್ತದೆಂದು ಎರೆಮಣ್ಣು ತಂದು ಮೆತ್ತುತ್ತಾರೆ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಕೈ ತೂರುವಷ್ಟು ಸೀಳುವುದನ್ನು ಕಂಡವರಿಗೆ ಬೇರೆ ಹೇಳಬೇಕಿಲ್ಲ. ಸಿಮೆಂಟೂ ನೇರ ಉರಿಗೆ ನಿಲ್ಲುವುದಿಲ್ಲ, ಪುಡಿಯಾಗಿ ಉದುರುತ್ತದೆ.

ಕೆಮ್ಮಣ್ಣು ಅಥವಾ ಹುತ್ತದ ಮಣ್ಣು 3 ಪುಟ್ಟಿ, ಜರಡಿ ಹಿಡಿದ ಮರಳು 1 ಪುಟ್ಟಿ, ಭತ್ತದ ಹೊಟ್ಟು ಅಥವಾ ಸಣ್ಣಗೆ ಕತ್ತರಿಸಿದ ಹುಲ್ಲು 1 ಪುಟ್ಟಿ, ಹಸಿ ಸಗಣಿ ಅರ್ಧ ಪುಟ್ಟಿ. (ಪೂಜೆ ಮಾಡುವ ಹುತ್ತ ಮುಟ್ಟಬೇಕಿಲ್ಲ, ಬದುವಿನ ಪಾಳು ಹುತ್ತ ಸಾಕು.) ನೀರು ಹಾಕಿ ತುಳಿದು ಎರಡು ದಿನ ಕೊಳೆಯಲು ಬಿಡಿ. ಮೆತ್ತುವ ಮುನ್ನ ಮುಷ್ಟಿಯಷ್ಟು ಉಂಡೆ ಕಟ್ಟಿ ನೆರಳಲ್ಲಿ ಒಣಗಿಸಿ. ಬಿರಿದರೆ ಮರಳು ಸಾಲದು, ಉದುರಿದರೆ ಮಣ್ಣು ಸಾಲದು. ಆಮೇಲೆ ಬಿರುಕನ್ನು ಬೆರಳು ಹೋಗುವಷ್ಟು ಅಗಲಿಸಿ, ಹಳೆ ಮಸಿ ಕೆರೆದು, ನೀರು ಚಿಮುಕಿಸಿ, ಒತ್ತಿ ತುಂಬಿ. ಒಣ ಬಿರುಕಿಗೆ ಮೆತ್ತಿದ್ದು ಹಿಡಿಯುವುದಿಲ್ಲ. ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಎರಡು ದಿನ ಕಾಲು ತಾಸಿನ ಸಣ್ಣ ಉರಿ ಕೊಟ್ಟು, ಆಮೇಲೆ ಅಡುಗೆ.

ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಪೈಪು ಗೋಡೆಗೆ ಸೇರುವ ಜಾಗವೇ ಬಾಯಿ ಬಿಟ್ಟರೆ ಒಲೆ ಬಿಡಿ, ಗೋಡೆ ನೋಡಿ. ಎರೆ ನೆಲದ ಮೇಲಿನ ಗೋಡೆ ಅಲುಗುತ್ತಿದೆ. ಅಲ್ಲಿಗೆ ಮೇಸ್ತ್ರಿ ಬೇಕು.

ಉರಿಯುವಾಗ ಕಲ್ಲು ಸಿಡಿಯುತ್ತದೆ

ಗ್ರಾನೈಟ್ ತುಂಡು ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ, ಹಾಗೆಂದು ಉರಿಗೆ ಕೊಡಬಾರದು. ಅದರಲ್ಲಿರುವ ಬೆಣಚು ಕಾವಿಗೆ ಹಿಗ್ಗಿ ಕಲ್ಲು ಚಕ್ಕೆ ಏಳುತ್ತದೆ. ಹೊಳೆಯಿಂದ ತಂದ ಒದ್ದೆ ಗುಂಡು ಒಳಗಿನ ನೀರು ಆವಿಯಾಗಿ ಕಣ್ಣಿಗೇ ಸಿಡಿಯಬಹುದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪದರು ಪದರಾಗಿ ಬಿಡುತ್ತದೆ. ಅದು ಕಟ್ಟೆಗೆ ಸರಿ, ಒಲೆಯ ಒಳಗೆ ಅಲ್ಲ. ಉರಿ ತಾಗುವ ಕಡೆ 9 × 4½ × 3 ಇಂಚಿನ ಫೈರ್ ಬ್ರಿಕ್ ಕೊಳ್ಳಿ. ಅಷ್ಟು ಖರ್ಚು ಬೇಡವೆಂದರೆ ಚೆನ್ನಾಗಿ ಸುಟ್ಟ ಸಾದಾ ಇಟ್ಟಿಗೆಗೆ ಮಣ್ಣು ಮೆತ್ತಿ.

ತಿಪ್ಪೆಯಲ್ಲಿ, ಬಣವೆ ಪಕ್ಕ ಹೊಗೆ

ಒಲೆ ಸರಿಯಾಗಿದ್ದೂ ಬೆಂಕಿ ಬೀಳುವುದು ಬೂದಿಯಿಂದ. ಬೂದಿಯೊಳಗೆ ಹುದುಗಿದ ಕೆಂಡ ಒಂದು ದಿನ ಕಳೆದರೂ ಜೀವಂತ ಇರುತ್ತದೆ, ಗಾಳಿ ತಾಗಿದರೆ ಏಳುತ್ತದೆ. ಪ್ಲಾಸ್ಟಿಕ್ ಬುಟ್ಟಿ, ಗೋಣಿಚೀಲ ಬೇಡ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ತುಂಬಿ, ಮನೆಯ ಹೊರಗೆ ಕಲ್ಲಿನ ಮೇಲೆ ಎರಡು ಮೂರು ದಿನ ಇಡಿ. ಚೆಲ್ಲುವ ಮುನ್ನ ನೀರು ಹಾಕಿ ಕಲಸಿ. ಬೂದಿ ಕ್ಷಾರ, ನಮ್ಮ ಎರೆ ಹೊಲವೂ ಮೊದಲೇ ಕ್ಷಾರದ ಕಡೆಗಿರುವುದು, ಆದ್ದರಿಂದ ಒಂದೇ ಜಾಗಕ್ಕೆ ರಾಶಿ ಸುರಿಯದೆ ತಿಪ್ಪೆಯಲ್ಲಿ ತೆಳ್ಳಗೆ ಹರಡಿ.